ಹಜಾರದಲ್ಲಿ ಕೂಡಿ ಹಾಡಿದ ಮಕ್ಕಳು

ಸಂಗೀತ ಕಲಿಯುವ ಮಕ್ಕಳಿಗೆ ಗುರುಮುಖದಿಂದ ಪಾಠ ದೊರೆಯುತ್ತದೆ. ವರ್ಷಕ್ಕೊಮ್ಮೆ ವೇದಿಕೆಯೂ ದೊರೆಯುತ್ತದೆ. ಇವೆರಡರ ನಡುವೆ ತಮ್ಮತಮ್ಮಲ್ಲಿ ಕೂಡಿ ಕುಳಿತು, ತಪ್ಪಿಗೆ ಅಂಜದೆ ಹಾಡಿ ನುಡಿಸುವ ಎಡೆ ಮಾತ್ರ ದೊರೆಯುವುದಿಲ್ಲ. ಈ ಕೊರತೆಯನ್ನು ಕಂಡು ಚನ್ನಪಟ್ಟಣದ ನಮ್ಮ ಮನೆಯ ಹಜಾರದಲ್ಲಿ ತಿಂಗಳ ಎರಡನೆಯ ಭಾನುವಾರ ಸಂಜೆ ಒಂದು ಕೂಟವನ್ನು ಆರಂಭಿಸಿದೆವು. ನಾವು ಸಂಗೀತಗಾರರಲ್ಲ. ಮಠದ ಪಾಠಶಾಲೆಯಲ್ಲಿ ವ್ಯಾಕರಣವನ್ನೂ ವಚನಗಳನ್ನೂ ಓದಿದವರು. ಸಾಮೂಹಿಕ ಪ್ರಾರ್ಥನೆಯ ನೂರಾರು ಕಂಠಗಳಲ್ಲಿ ನಮ್ಮ ಅಪಸ್ವರ ಅಡಗಿಹೋಗುತ್ತಿದ್ದುದನ್ನು ಬಲ್ಲವರು.

ಈ ಊರನ್ನು ಎಲ್ಲರೂ ಬೊಂಬೆಗಳಿಂದ ಬಲ್ಲರು. ಆದರೆ 1800ರಲ್ಲಿ ಈ ಮಾರ್ಗವಾಗಿ ಬಂದ ಫ್ರಾನ್ಸಿಸ್ ಬುಕಾನನ್, ಇಲ್ಲಿ ವಾದ್ಯಗಳಿಗೆ ಬಿಗಿಯುವ ಉಕ್ಕಿನ ತಂತಿ ತಯಾರಾಗುತ್ತಿದ್ದುದನ್ನೂ ಅದು ದೂರದ ಪ್ರಾಂತಗಳಿಗೆ ಹೋಗುತ್ತಿದ್ದುದನ್ನೂ ಬರೆದಿಟ್ಟಿದ್ದಾನೆ. ನಾಡಿನ ವೀಣೆಗಳಿಗೆ ತಂತಿಯಿತ್ತ ಊರಿನ ಮಕ್ಕಳಿಗೆ ಒಂದು ಚಾಪೆ ಹಾಸುವುದು ದೊಡ್ಡ ಕೆಲಸವೇನೂ ಅಲ್ಲ.

ಮೊದಲ ದಿನ ಒಂಬತ್ತು ಮಂದಿ ಬಂದರು. ಹೆಣ್ಣುಮಕ್ಕಳಿಗೆ ಹೊಂದುವ ಶ್ರುತಿ ಗಂಡುಮಕ್ಕಳ ಕಂಠಕ್ಕೆ ಒಗ್ಗದು; ಶ್ರುತಿ ಬದಲಾದರೆ ತಬಲವೂ ಬೇರೆಯಾಗಬೇಕು. ಆದ್ದರಿಂದ ಮೊದಲ ತಾಸು ಒಂದು ಶ್ರುತಿ, ಎರಡನೆಯ ತಾಸು ಮತ್ತೊಂದು ಎಂದು ಗೊತ್ತುಮಾಡಿಕೊಂಡರು. ಕೆಲವರದು ಕರ್ನಾಟಕ ಪದ್ಧತಿ, ಇಬ್ಬರದು ಹಿಂದೂಸ್ತಾನಿ. ಅವರಿಗೆ ಇವರಿಗೆ ಎಲ್ಲಿ ಸೇರುವುದು? ಒಬ್ಬರ ಮೋಹನ ಇನ್ನೊಬ್ಬರ ಭೂಪಾಲಿ, ಒಬ್ಬರ ಹಿಂದೋಳ ಇನ್ನೊಬ್ಬರ ಮಾಲ್ಕಂಸ್. ಸ್ವರಗಳು ಅವೇ ಐದು, ನಡೆ ಬೇರೆ. ಅಲ್ಲಿಂದ ಹಾದಿ ತೆರೆಯಿತು. ಸಾಹಿತ್ಯಕ್ಕೆ ಎಲ್ಲರೂ ಬಲ್ಲ ವಚನಗಳಿದ್ದವು. ಮಲ್ಲಿಕಾರ್ಜುನ ಮನ್ಸೂರರು (1910–1992) ಹಿಂದೂಸ್ತಾನಿ ರಾಗಗಳಲ್ಲಿ ವಚನಗಳನ್ನು ಹಾಡಿ ತೋರಿದ ಮೇಲೆ, ಅದಕ್ಕೆ ಯಾವ ಪದ್ಧತಿ ಸರಿಯೆಂಬ ತಂಟೆ ನಮ್ಮ ಹಜಾರದಲ್ಲಂತೂ ಏಳಲಿಲ್ಲ. ಮೈಕು ಇಲ್ಲ, ಹಾರ ಶಾಲು ಇಲ್ಲ, ಮೊಬೈಲಿನಲ್ಲಿ ಚಿತ್ರೀಕರಣ ಕೂಡದು. ಈ ಕೊನೆಯ ನಿಯಮಕ್ಕೆ ಮಕ್ಕಳಿಗಿಂತ ತಾಯಂದಿರೇ ಹೆಚ್ಚು ಮುನಿದರು!

ಇಷ್ಟೆಲ್ಲ ನಿಯಮ ಮಾಡಿದ ನಾವೇ ಮೂರನೆಯ ತಿಂಗಳು ಕೂಟವನ್ನು ಕೆಡಿಸಿದೆವು. ಬೊಂಬೆ ಕಡೆಯುವವರೊಬ್ಬರ ಮಗಳು, ಹದಿನಾಲ್ಕರ ಬಾಲೆ, ಅಕ್ಕಮಹಾದೇವಿಯ ವಚನವೊಂದನ್ನು ಮೈಮರೆತು ಹಾಡುತ್ತಿದ್ದಳು. ಮಹಾಪ್ರಾಣಗಳೆಲ್ಲ ಅಲ್ಪಪ್ರಾಣಗಳಾಗಿ ಹೊರಡುತ್ತಿದ್ದವು. ನಮ್ಮೊಳಗಿನ ವೈಯಾಕರಣ ಸುಮ್ಮನಿರಲಿಲ್ಲ. ಕೈಯೆತ್ತಿ ಹಾಡನ್ನು ನಿಲ್ಲಿಸಿ, ಎಲ್ಲರೆದುರು ಆ ಪದವನ್ನು ಐದು ಸಲ ಹೇಳಿಸಿದೆವು. ಅವಳು ಹೇಳಿದಳು, ಕುಳಿತಳು. ಮುಂದಿನ ತಿಂಗಳು ಬರಲಿಲ್ಲ.

ಒಂದು ದಿನ ಅವಳ ತಂದೆ ದಾರಿಯಲ್ಲಿ ಸಿಕ್ಕರು. "ಬುದ್ಧೀ, ಅವಳು ಈಗ ಮನೇಲೂ ಹಾಡ್ತಿಲ್ಲ" ಎಂದರು. ಆ ಮಾತು ನಮ್ಮನ್ನು ಇರಿಯಿತು. ಸಂಜೆ ಅವರ ಮನೆಗೆ ಹೋದೆವು. ಹಾಲೆಮರದ ತುಂಡುಗಳು ಮೂಲೆಯಲ್ಲಿ ರಾಶಿಯಾಗಿದ್ದವು, ಬಿರುಕು ಬಿಟ್ಟವು, ವಾರೆಯಾದವು. ಕೆಲಸ ಕಲಿಯುವ ಹುಡುಗರು ಕೆಡಿಸಿದ್ದೆಂದು ಅವರು ಹೇಳಿದರು. "ಅವರು ಕಡೆಯೋವಾಗ ನಾನು ಆಚೆ ಹೋಗ್ಬಿಡ್ತೀನಿ ಬುದ್ಧೀ. ನಿಂತು ನೋಡಿದ್ರೆ ಕೈ ನಡುಗ್ತದೆ." ಅವರು ನಮ್ಮನ್ನು ಕುರಿತು ಹೇಳಿದರೋ ಇಲ್ಲವೋ, ಕೇಳುವ ಧೈರ್ಯ ನಮಗಾಗಲಿಲ್ಲ. ಮಗುವನ್ನು ಕರೆದು, "ತಪ್ಪು ನಮ್ಮದು ತಾಯಿ" ಎಂದೆವು. ಅವಳು ತಲೆಯೆತ್ತಲಿಲ್ಲ.

ಅಂದಿನಿಂದ ಹಿರಿಯರಿಗೆ ಹಜಾರದಲ್ಲಿ ಸ್ಥಳವಿಲ್ಲ. ನಾವು ಅಡುಗೆಮನೆಯಲ್ಲಿ ಕುಳಿತು ಮನೆಯವರಿಗೆ ಅವಲಕ್ಕಿ ಆರಿಸಿಕೊಡುತ್ತೇವೆ. ಗೋಡೆಯಾಚೆ ತಾಳ ತಪ್ಪುತ್ತದೆ, ನಗುತ್ತಾರೆ, ಮತ್ತೆ ಎತ್ತಿಕೊಳ್ಳುತ್ತಾರೆ. ಎರಡು ತಿಂಗಳ ಬಳಿಕ ಆ ಕಂಠವೂ ಕೇಳಿಸಿತು. ಅದೇ ವಚನ, ಅದೇ ಅಲ್ಪಪ್ರಾಣ. ನಾವು ಮೇಲೇಳುವಷ್ಟರಲ್ಲಿ ಮನೆಯವರು ಕಣ್ಣಿನಲ್ಲೇ ಕೂರಿಸಿದರು. ತಬಲದ ಹುಡುಗ, "ಏ, ಅದು ಬ ಅಲ್ಲ, ಭ" ಎಂದ. "ಗೊತ್ತು ಕಣೋ, ತಾತ ಐದು ಸಲ ಹೇಳ್ಸಿದಾರೆ" ಎಂದು ಅವಳು ನಕ್ಕು, ಮೊದಲಿಂದ ಎತ್ತಿಕೊಂಡಳು.