ಬೆಳಗುವ ಹಂದರ

ಬೆಳ್ಳಿಯ ಬಟ್ಟಲನ್ನು ಎಷ್ಟು ಉಜ್ಜಿದರೂ ಅದು ಕತ್ತಲೆಯಲ್ಲಿ ಹೊಳೆಯಲಾರದು. ಅದರ ಹೊಳಪು ಎರವಲಿನದು. ತನ್ನ ಮೇಲೆ ಬಿದ್ದ ಬೆಳಕನ್ನು ಅದು ಹಿಂದಿರುಗಿಸುತ್ತದೆ, ಅಷ್ಟೆ. ಆದರೆ ಅದೇ ಬೆಳ್ಳಿಯ ಹತ್ತು ಹನ್ನೆರಡು ಪರಮಾಣುಗಳು ಮಾತ್ರ ಕೂಡಿ ಒಂದು ಗೊಂಚಲಾದಾಗ ಅದರ ಸ್ವಭಾವವೇ ಬೇರೆಯಾಗುತ್ತದೆ. ಕಣ್ಣಿಗೆ ಕಾಣದ ನೇರಳಾತೀತ ಕಿರಣವನ್ನು ಹೀರಿಕೊಂಡು, ಕಣ್ಣಿಗೆ ಕಾಣುವ ಬೆಳಕನ್ನು ಅದು ತಾನೇ ಹೊರಸೂಸಬಲ್ಲದು.

ಒಂದು ಸೆಂಟಿಮೀಟರನ್ನು ಒಂದು ಕೋಟಿ ಪಾಲು ಮಾಡಿದರೆ ದೊರೆಯುವ ಒಂದು ಪಾಲಿಗೆ ನ್ಯಾನೊಮೀಟರ್ ಎಂದು ಹೆಸರು. ಈ ಗೊಂಚಲುಗಳನ್ನು ಆ ಅಳತೆಯಿಂದಲೇ ಅಳೆಯಬೇಕಾದುದರಿಂದ ಅವು ನ್ಯಾನೊಗೊಂಚಲುಗಳೆನಿಸಿವೆ. ಬಟ್ಟಲಿನ ಬೆಳ್ಳಿಯಲ್ಲಿ ಎಲೆಕ್ಟ್ರಾನುಗಳು ಬಯಲಿನಲ್ಲಿ ಬಿಟ್ಟ ದನಗಳಂತೆ ಎಲ್ಲೆಡೆಯೂ ಸಂಚರಿಸುತ್ತವೆ. ಗೊಂಚಲಿನಲ್ಲಿ ಅವಕ್ಕೆ ಆ ಸ್ವಾತಂತ್ರ್ಯವಿಲ್ಲ. ಏಣಿಯ ಮೆಟ್ಟಿಲುಗಳಂತಿರುವ ಗೊತ್ತಾದ ಶಕ್ತಿಮಟ್ಟಗಳಲ್ಲಿಯೇ ಅವು ನಿಲ್ಲಬೇಕು. ಮೇಲಿನ ಮೆಟ್ಟಿಲಿಗೆ ಏರಿದ ಎಲೆಕ್ಟ್ರಾನು ಕೆಳಗಿಳಿಯುವಾಗ ಬಿಟ್ಟುಕೊಡುವ ಶಕ್ತಿಯೇ ಬೆಳಕಾಗಿ ಕಾಣಿಸುತ್ತದೆ.

ಇಷ್ಟು ಸೊಗಸಾದ ವಸ್ತುವಿಗೆ ಎರಡು ಕೊರತೆಗಳಿದ್ದವು. ಬಿಡಿಯಾಗಿರುವ ಬೆಳ್ಳಿಯ ಗೊಂಚಲು ಬಹುಬೇಗ ಕೆಡುತ್ತಿತ್ತು. ಕೆಡದೆ ಉಳಿದಾಗಲೂ ಅದನ್ನು ಸುತ್ತುವರಿದ ಅಣುಗಳು ಸದಾ ಕಂಪಿಸುತ್ತಿದ್ದುದರಿಂದ, ಬೆಳಕಾಗಬೇಕಾದ ಶಕ್ತಿಯ ಬಹುಪಾಲು ಶಾಖವಾಗಿ ಸೋರಿಹೋಗುತ್ತಿತ್ತು. ಗಾಳಿಗೆ ಅಲುಗುವ ಬಳ್ಳಿಯನ್ನು ನಿಲ್ಲಿಸಲು ಹಂದರ ಬೇಕು. ಈ ಗೊಂಚಲುಗಳಿಗೂ ಅಂಥದೊಂದು ಹಂದರ ಬೇಕಾಗಿತ್ತು.

ಅಣುಗಳ ಹಂದರವನ್ನು ಕಟ್ಟುವ ಕಲ್ಪನೆ ಮೂಡಿದ ಬಗೆ ಸ್ವಾರಸ್ಯಕರವಾದುದು. 1974ರಲ್ಲಿ ಆಸ್ಟ್ರೇಲಿಯದ ಮೆಲ್ಬರ್ನ್ ವಿಶ್ವವಿದ್ಯಾನಿಲಯದಲ್ಲಿ ರಿಚರ್ಡ್ ರಾಬ್ಸನ್ ಎಂಬ ಅಧ್ಯಾಪಕರು ವಿದ್ಯಾರ್ಥಿಗಳಿಗಾಗಿ ಮರದ ಗುಂಡುಗಳಿಂದ ಅಣುಗಳ ಮಾದರಿಗಳನ್ನು ಸಿದ್ಧಪಡಿಸುತ್ತಿದ್ದರು. ಕಡ್ಡಿಗಳನ್ನು ಸಿಕ್ಕಿಸಲು ಗುಂಡುಗಳಲ್ಲಿ ರಂಧ್ರಗಳನ್ನು ಕೊರೆಯಬೇಕು. ಎಲ್ಲೆಲ್ಲಿ ಕೊರೆಯಬೇಕೆಂಬುದನ್ನು ಅವರೇ ಗುರುತು ಹಾಕಿ ಕಾರ್ಯಾಗಾರಕ್ಕೆ ಕೊಡಬೇಕಾಗಿತ್ತು. ರಂಧ್ರಗಳು ಸರಿಯಾದ ಸ್ಥಾನದಲ್ಲಿದ್ದರೆ ಮಾದರಿಯು ತಾನಾಗಿಯೇ ಸರಿಯಾದ ಆಕಾರವನ್ನು ತಳೆಯುವುದನ್ನು ಅವರು ಕಂಡರು. ಹಾಗಾದರೆ ನಿಜವಾದ ಪರಮಾಣುಗಳ ಬಂಧಸ್ವಭಾವವನ್ನೇ ಬಳಸಿಕೊಂಡು ಬೇಕಾದ ಕಟ್ಟಡವನ್ನು ಏಕೆ ಕಟ್ಟಬಾರದು? ತರಗತಿಯ ಸಲಕರಣೆಯೊಂದು ಇಂಥ ಪ್ರಶ್ನೆಯನ್ನು ಎಬ್ಬಿಸುವುದು ಅಪರೂಪ. ಹತ್ತು ವರ್ಷಗಳಿಗೂ ಹೆಚ್ಚು ಕಾಲ ಅದು ಅವರ ಮನಸ್ಸಿನಲ್ಲಿಯೇ ಉಳಿದಿತ್ತು. ಕೊನೆಗೆ 1989ರಲ್ಲಿ ಅವರು ತಾಮ್ರದ ಅಯಾನುಗಳನ್ನೂ ನಾಲ್ಕು ತೋಳುಗಳುಳ್ಳ ಸಾವಯವ ಅಣುಗಳನ್ನೂ ಬೆಸೆದು, ಒಳಗೆ ವಿಶಾಲವಾದ ಪೊಳ್ಳುಗಳಿರುವ ಹರಳನ್ನು ಕಟ್ಟಿದ ವರದಿಯನ್ನು ಪ್ರಕಟಿಸಿದರು. ಈ ದಾರಿಯನ್ನು ಬೆಳೆಸಿದ ಸುಸುಮು ಕಿಟಾಗಾವ, ಒಮರ್ ಯಾಘಿ ಅವರೊಡನೆ ರಾಬ್ಸನ್ನರಿಗೆ 2025ರ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು.

ರಾಬ್ಸನ್ನರ ಹಂದರದಲ್ಲಿ ಗಂಟಿಗೊಂದು ಲೋಹದ ಅಯಾನು ಇತ್ತು. ಆ ಸ್ಥಾನದಲ್ಲಿ ಒಂದು ಗೊಂಚಲನ್ನೇ ಇರಿಸಿದರೆ ಏನಾದೀತು? ಚೀನಾದ ಝೆಂಗ್‌ಝೌ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ತಮ್ಮ ಸಂಗಡಿಗರೊಡನೆ 2017ರಲ್ಲಿ ಇದಕ್ಕೆ ಉತ್ತರವಿತ್ತರು. ಗಂಧಕಯುಕ್ತ ಅಣುಗಳನ್ನು ಹೊದ್ದ, 12 ಬೆಳ್ಳಿಯ ಪರಮಾಣುಗಳ ಗೊಂಚಲುಗಳನ್ನು ಅವರು ಬೈಪಿರಿಡೀನ್ ಎಂಬ ಕೋಲಿನಂಥ ಅಣುಗಳಿಂದ ಒಂದಕ್ಕೊಂದು ಬಿಗಿದರು. ಈ ಅಣುವಿನ ಎರಡು ತುದಿಗಳಲ್ಲಿಯೂ ಒಂದೊಂದು ಸಾರಜನಕದ ಪರಮಾಣು ಇರುತ್ತದೆ. ಅದೇ ಬೆಳ್ಳಿಯನ್ನು ಹಿಡಿದುಕೊಳ್ಳುವ ಕೈ. ಹೀಗೆ ಕಟ್ಟುಗೊಂಡ ಹರಳು ಒಂದು ವರ್ಷಕ್ಕೂ ಮಿಕ್ಕಿ ಕೆಡದೆ ಉಳಿಯಿತು. ಅದರ ದೀಪ್ತಿಯೂ ಹೆಚ್ಚಿ, ಹೀರಿದ ನೂರು ಬೆಳಕಿನ ಕಣಗಳಿಗೆ ಸುಮಾರು 12 ಕಣಗಳನ್ನು ಮರಳಿ ಕೊಡುವ ಮಟ್ಟವನ್ನು ಮುಟ್ಟಿತು.

ಅದಕ್ಕಿಂತಲೂ ಅಚ್ಚರಿಯ ಗುಣ ಇನ್ನೊಂದಿತ್ತು. ಹಂದರದ ಪೊಳ್ಳುಗಳಿಗೆ ಆಮ್ಲಜನಕ ನುಗ್ಗಿದರೆ ಒಂದು ಸೆಕೆಂಡಿಗೂ ಕಡಮೆ ಅವಧಿಯಲ್ಲಿ ದೀಪ್ತಿ ಆರುತ್ತದೆ. ಬೆಳಕಾಗಬೇಕಾದ ಶಕ್ತಿಯನ್ನು ಆಮ್ಲಜನಕದ ಅಣುಗಳು ಕಸಿದುಕೊಳ್ಳುತ್ತವೆ. ಕೆಲವು ಸಾವಯವ ದ್ರವಗಳ ಆವಿ ಹೊಕ್ಕರೆ ಹರಳು ಮತ್ತೆ ಬೆಳಗುತ್ತದೆ. ಆವಿ ಯಾವುದೆಂಬುದಕ್ಕೆ ತಕ್ಕಂತೆ ಬೆಳಕಿನ ಬಣ್ಣವೂ ಬೇರೆಯಾಗುತ್ತದೆ. ಹೀಗೆ ಒಳಹೊಕ್ಕ ಅಣುಗಳು ಎಲ್ಲಿ ಕುಳಿತಿವೆ ಎಂಬುದನ್ನು ಕ್ಷ-ಕಿರಣಗಳ ನೆರವಿನಿಂದ ಗುರುತಿಸಲೂ ಸಾಧ್ಯವಾಯಿತು. ಗಾಳಿಯಲ್ಲಿ ಅಡಗಿದ ಅನಿಲವನ್ನು ಬಣ್ಣದಿಂದಲೇ ಪತ್ತೆಹಚ್ಚುವ ಉಪಕರಣಗಳಿಗೆ ಇಂಥ ಹರಳುಗಳು ಒದಗಬಹುದು.

ನೂರರಲ್ಲಿ 12 ಕಣಗಳು ಮರಳಿದರೆ ಉಳಿದ 88 ನಷ್ಟವಾದಂತೆಯೇ ಸರಿ. ಕೋಲುಗಳ ಉದ್ದವನ್ನು ಬದಲಿಸಿ, ಗೊಂಚಲಿನ ಹೊದಿಕೆಯನ್ನು ಬದಲಿಸಿ, ಆ ಸೋರಿಕೆಯನ್ನು ತಡೆಯುವ ಪ್ರಯತ್ನ ಪ್ರಯೋಗಶಾಲೆಗಳಲ್ಲಿ ಸಾಗಿದೆ.