ೞಕಾರದ ಸಂಖ್ಯೆ 3294

ಹಳಗನ್ನಡದಲ್ಲಿ ‘ಬಾಳ್’ ಎಂದರೆ ಕತ್ತಿ, ‘ಬಾೞ್’ ಎಂದರೆ ಬದುಕು. ನಾಲಗೆಯಿಂದ ಎಂದೋ ಜಾರಿಹೋದ ೞಕಾರವೇ ಎರಡನ್ನೂ ಬೇರೆಮಾಡುತ್ತಿತ್ತು. ಕಂಪ್ಯೂಟರಿಗೆ ಅಕ್ಷರವೆಂದರೆ ಆಕಾರವಲ್ಲ, ಒಂದು ಸಂಖ್ಯೆ: ಯುನಿಕೋಡಿನಲ್ಲಿ ಳ 3251, ೞ 3294. ವಿಚಿತ್ರವೆಂದರೆ ೞಕ್ಕೆ ಅಲ್ಲಿ ಕೊಟ್ಟ ಇಂಗ್ಲಿಷ್ ಹೆಸರು ‘ಫ಼’. ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬುದು ಯುನಿಕೋಡಿನ ನಿಯಮ; ಹಾಗಾಗಿ ತಪ್ಪು ಹಾಗೇ ಉಳಿದು, ಪಕ್ಕದಲ್ಲಿ ಸರಿಯಾದ ಹೆಸರು ಸೇರಿದೆ. ಸಂಖ್ಯೆಗೆ ಮಾತ್ರ ಧಕ್ಕೆಯಿಲ್ಲ, ಕೆಲಸ ನಡೆಯುವುದು ಅದರಿಂದಲೇ.

ಬಳಕೆ ತಪ್ಪಿದ ಅಕ್ಷರಕ್ಕೆ ಇಷ್ಟು ಉಪಚಾರ ಯಾಕೆ, ಳ ಹಾಕಿದರೆ ಸಾಲದೇ ಎಂದು ಕೇಳುವವರಿದ್ದಾರೆ. ದಿನನಿತ್ಯದ ಬರಹಕ್ಕೆ ಆ ಮಾತು ಸರಿ. ಆದರೆ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ ಪರಿಷ್ಕರಿಸಿ ತಂದ ‘ಎಪಿಗ್ರಾಫಿಯಾ ಕರ್ನಾಟಿಕ’ ಸಂಪುಟಗಳ ಶಾಸನಪಾಠವನ್ನು ಳ ಹಾಕಿ ಟೈಪಿಸಿದರೆ, 3294 ಹುಡುಕುವ ಯಂತ್ರಕ್ಕೆ ೞ ಇದ್ದ ಪದ ಸಿಗುವುದೇ ಇಲ್ಲ. ಚಿತ್ರವಾಗಿ ಅಂಟಿಸಿದರೂ ಅಷ್ಟೇ. ೞವನ್ನು ಳ ಮಾಡುವುದು ಯಾವಾಗ ಬೇಕಾದರೂ ಆದೀತು. ಳ ಎಂದು ಹೊಡೆದುಬಿಟ್ಟರೆ ೞ ಎಲ್ಲಿತ್ತೆಂದು ತಿಳಿಯಲು ಮತ್ತೆ ಮೂಲಪಾಠದ ಹತ್ತಿರವೇ ಹೋಗಬೇಕು. ಹಳಗನ್ನಡ ಟೈಪಿಸುವವರು ದಯವಿಟ್ಟು ೞವನ್ನು ೞವಾಗಿಯೇ ಹೊಡೆಯಿರಿ.