ಪಡ್ಡಿನ ಹಂಚಿನಲ್ಲಿ ಸೇಬು: ಗುಮ್ಮಘಟ್ಟದಲ್ಲಿ ಮೂರು ದಿನ

ಸೇಬು ಹಣ್ಣಿನ ಚೀಲ ಹಿಡಿದು ಹಳ್ಳಿಯ ಮನೆಗೆ ಹೋಗಿ ನೋಡಿ. ಬಾಗಿಲಲ್ಲೇ ಪ್ರಶ್ನೆ ಬರುತ್ತದೆ: "ಯಾರಿಗೆ ಆರಾಮಿಲ್ಲ?" ಮಾವು, ಬಾಳೆ, ಸೀತಾಫಲ ಇವೆಲ್ಲ ಮನೆಯ ಹಣ್ಣುಗಳು. ಸೇಬು ಮಾತ್ರ ಆಸ್ಪತ್ರೆಯ ಹಣ್ಣು. ರೋಗಿಯ ಮಂಚದ ಪಕ್ಕದಲ್ಲಿ ಸ್ಟೀಲ್ ತಟ್ಟೆ, ಚಾಕು, ನಾಲ್ಕು ಸೇಬು. ಇದು ನಮ್ಮ ಕಣ್ಣಿಗೆ ರೂಢಿಯಾಗಿರುವ ಚಿತ್ರ.

ಕಳೆದ ವರ್ಷ ಅಕ್ಟೋಬರ್ ತಿಂಗಳ ಕೊನೆಯಲ್ಲಿ ಗುಮ್ಮಘಟ್ಟಕ್ಕೆ ಹೋದಾಗ ಈ ಪ್ರಶ್ನೆ ನನ್ನ ಕಿವಿಗೂ ಬಿತ್ತು. ಅದರ ಹಿಂದೆ ಇಷ್ಟು ದೊಡ್ಡ ನೋವು ಇರಬಹುದೆಂದು ಅಂದು ನನಗೆ ಗೊತ್ತಿರಲಿಲ್ಲ.

ನನ್ನನ್ನು ಕರೆದುಕೊಂಡು ಹೋದವರು ಬೆಂಗಳೂರಿನ ನಮ್ಮ ಧರ್ಮಕೇಂದ್ರದ ಒಬ್ಬ ಅಕ್ಕ. ಹತ್ತು ವರ್ಷಗಳಿಂದ ನಗರದ ಒಂದು ಬೇಕರಿಯಲ್ಲಿ ಕೆಲಸ ಮಾಡುತ್ತಿದ್ದಾರೆ. ಸೆಪ್ಟೆಂಬರ್ ಮುಗಿಯುತ್ತಲೇ ಆ ಬೇಕರಿಯವರು 'ಆಟಮ್ ಸ್ಪೆಷಲ್' ಎಂದು ಬೋರ್ಡು ಹಾಕುತ್ತಾರಂತೆ. ಬೆಂಗಳೂರಿನಲ್ಲಿ ಎಲೆ ಉದುರುವ ಕಾಲವೆಲ್ಲಿದೆ ಎಂದು ನೀವು ನಗಬಹುದು. ಆದರೆ ಆ ದಿನಗಳಲ್ಲಿ ಸೇಬು ಮತ್ತು ಚಕ್ಕೆಪುಡಿ ಹಾಕಿದ, ಒಂದೇ ತುತ್ತಿಗೆ ಬಾಯಿಗೆ ಹಿಡಿಸುವ ಪುಟ್ಟ ಕೇಕುಗಳನ್ನು ಅಕ್ಕ ದಿನಕ್ಕೆ ನೂರಾರು ಮಾಡುತ್ತಾರೆ. ಅವರ ಏಳು ವರ್ಷದ ಮಗ ಗುಮ್ಮಘಟ್ಟದಲ್ಲಿ ಅಜ್ಜಿಯ ಹತ್ತಿರ ಬೆಳೆಯುತ್ತಿದ್ದಾನೆ. "ಊರಿಗೆಲ್ಲ ಮಾಡಿಕೊಡ್ತೀನಿ. ನನ್ನ ಮಗ ಒಂದೂ ತಿಂದಿಲ್ಲ. ಈ ಸಲ ಮನೆಯಲ್ಲೇ ಮಾಡಿಕೊಡಬೇಕು" ಎಂದು ಚಕ್ಕೆಪುಡಿಯ ಡಬ್ಬಿಯನ್ನು ಬ್ಯಾಗಿಗೆ ಹಾಕಿಕೊಂಡಿದ್ದರು.

ಗಡಿಯ ದಾರಿ

ಬೆಂಗಳೂರಿನಿಂದ ತುಮಕೂರು, ಶಿರಾ, ಹಿರಿಯೂರು ದಾಟಿ, ಎಣ್ಣೆ ಗಿರಣಿಗಳ ಊರು ಚಳ್ಳಕೆರೆಯ ಮೇಲೆ, ರೇಷ್ಮೆ ಸೀರೆಗೆ ಹೆಸರಾದ ಮೊಳಕಾಲ್ಮೂರನ್ನು ಹಾದು ರಾಯದುರ್ಗ ಸೇರಬೇಕು. ಹಿರಿಯೂರಿನಲ್ಲಿ ಕಾಣುವ ವೇದಾವತಿ ನದಿಯೇ ಈ ಸೀಮೆಗೂ ತಾಯಿ. ಬಾಬಾಬುಡನ್‌ಗಿರಿ ಬೆಟ್ಟಸಾಲಿನಲ್ಲಿ ಹುಟ್ಟಿ, ಹಿರಿಯೂರಿನ ಬಳಿ ಮಾರಿಕಣಿವೆಯಲ್ಲಿ ವಾಣಿವಿಲಾಸ ಸಾಗರವನ್ನು ತುಂಬಿ, ಬಯಲುಸೀಮೆಯಲ್ಲಿ ಹಗರಿ ಎಂಬ ಹೆಸರು ಪಡೆಯುತ್ತಾಳೆ. ಗುಮ್ಮಘಟ್ಟ ಮಂಡಲದ ಭೈರವಾನಿತಿಪ್ಪದಲ್ಲಿ ಅವಳಿಗೆ ಇನ್ನೊಂದು ಅಣೆಕಟ್ಟು ಇದೆ. ಮಾರಿಕಣಿವೆಯ ಜಲಾಶಯ 1933ರ ನಂತರ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, ಎಂಬತ್ತೊಂಬತ್ತು ವರ್ಷಗಳ ಮೇಲೆ! ಮೇಲಿನವರ ಪಾಡೇ ಹೀಗಿದ್ದರೆ ಕೆಳಗಿನವರು ನೀರಿಗಾಗಿ ಎಷ್ಟು ಕಾಯಬೇಕೆಂದು ನೀವೇ ಊಹಿಸಿ.

ಅನಂತಪುರ ಜಿಲ್ಲೆಯಲ್ಲಿ ವರ್ಷಕ್ಕೆ ಸರಾಸರಿ 550 ಮಿಲಿಮೀಟರ್ ಆಸುಪಾಸಿನ ಮಳೆ. ಅದೂ ಹೇಳಿದ ಹೊತ್ತಿಗೆ ಬರುವುದಿಲ್ಲ. ಶೇಂಗಾ ಬಿತ್ತಿ ಮುಗಿಲು ನೋಡುವುದು ಇಲ್ಲಿನ ರೈತರ ಬದುಕು. ಬೆಳೆ ಕೈಕೊಟ್ಟ ವರ್ಷ ಮನೆಗೊಬ್ಬರು ಬಳ್ಳಾರಿಗೋ ಬೆಂಗಳೂರಿಗೋ ದುಡಿಯಲು ಹೊರಡುತ್ತಾರೆ. ಅಕ್ಕ ಹೊರಟದ್ದೂ ಹಾಗೆಯೇ.

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆ ಒಡೆಯಿತು. ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಬಳ್ಳಾರಿ ಮೈಸೂರಿಗೆ ಬಂದಿತು. ಇದೇ ಸೀಮೆಯ ಇನ್ನೊಂದು ಗಡಿ ಊರು ಮಡಕಶಿರಾ 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಗೆರೆ ಎಳೆದವರು ನಾಲಿಗೆಯ ಮೇಲೆ ಎಳೆಯಲಾಗಲಿಲ್ಲ. ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಕುಳಿತವರು ಕನ್ನಡದಲ್ಲಿ ಮಾತು ತೆಗೆದು ತೆಲುಗಿನಲ್ಲಿ ಮುಗಿಸುತ್ತಾರೆ. ಇಲ್ಲಿನ ಕಥೋಲಿಕರು ಕರ್ನೂಲು ಧರ್ಮಕ್ಷೇತ್ರಕ್ಕೆ ಸೇರಿದವರು. ಅಕ್ಕನ ತಾಯಿ ಬಲಿಪೂಜೆಗೆ ತೆಲುಗಿನಲ್ಲಿ ಉತ್ತರ ಕೊಡುತ್ತಾರೆ. ಮನೆಯಲ್ಲಿ ಜಪಸರ ಕನ್ನಡದಲ್ಲೇ.

ಆ ಹಣ್ಣು ಬೇಡ

ರಾಯದುರ್ಗದ ಬಸ್ ನಿಲ್ದಾಣದ ಹತ್ತಿರ ತಳ್ಳುಗಾಡಿಯಲ್ಲಿ ಕಾಶ್ಮೀರದ ಸೇಬು ರಾಶಿ ಬಿದ್ದಿತ್ತು. ಪಕ್ಕದಲ್ಲೇ ಬುಟ್ಟಿ ತುಂಬ ಗುಡ್ಡದ ಸೀತಾಫಲ. ಎರಡನ್ನೂ ಕೊಂಡೆವು.

ಮನೆ ತಲುಪಿದಾಗ ಮಧ್ಯಾಹ್ನ. ಹುಡುಗ ಅಜ್ಜಿಯ ಸೆರಗಿನ ಹಿಂದೆ ನಿಂತು ತಾಯಿಯನ್ನು ನೆಂಟರನ್ನು ನೋಡುವಂತೆ ನೋಡುತ್ತಿದ್ದ. ಅಜ್ಜಿ ನೀರು ಕೊಟ್ಟು, "ಬರ್ರವ್ವ, ಕುಂದರ್ರಿ" ಎಂದು ಉಪಚರಿಸಿದರು. ಚೀಲದೊಳಗೆ ಕಣ್ಣು ಹೋದದ್ದೇ ತಡ, ಮುಖ ಬದಲಾಯಿತು.

"ಯಾರಿಗೆ ಆರಾಮಿಲ್ಲ?"

"ಯಾರಿಗೂ ಏನಿಲ್ಲಮ್ಮ. ಹುಡುಗನಿಗೆ ತಿಂಡಿ ಮಾಡೋಣ ಅಂತ ತಂದೆ."

"ಆ ಹಣ್ಣು ಈ ಮನ್ಯಾಗ ಬ್ಯಾಡ. ಸೀತಾಫಲ ಐತಲ್ಲ, ಅದ್ರಾಗ ಮಾಡು."

ಸೀತಾಫಲವನ್ನು ಬೆಂಕಿಗೆ ಇಟ್ಟರೆ ತಿರುಳು ಕಹಿಯಾಗುತ್ತದೆ, ಅದನ್ನು ಹಸಿಯಾಗಿಯೇ ತಿನ್ನಬೇಕು ಎಂದು ಅಕ್ಕ ವಿವರಿಸಿದರು. ಅಜ್ಜಿ ಉತ್ತರ ಕೊಡದೆ ಹಿತ್ತಲಿಗೆ ಹೋದರು.

ಆಮೇಲೆ ಅಕ್ಕ ನನಗೆ ಹೇಳಿದ ಸಂಗತಿ ಇದು. ಎರಡು ವರ್ಷಗಳ ಹಿಂದೆ ಇದೇ ದಿನಗಳಲ್ಲಿ ಅವರ ತಂದೆ ಆಸ್ಪತ್ರೆಯಲ್ಲಿದ್ದರು. ನೋಡಲು ಬಂದವರೆಲ್ಲ ಸೇಬು ತಂದರು. ಅವರು ತಿಂದದ್ದು ಒಂದೋ ಎರಡೋ ಹೋಳು. ಬೆಂಗಳೂರಿನಲ್ಲಿ ಅಕ್ಕನಿಗೆ ರಜೆ ಸಿಕ್ಕಿ ಬಸ್ಸು ಹತ್ತುವಷ್ಟರಲ್ಲಿ ತಂದೆ ತೀರಿಕೊಂಡರು. ಅಜ್ಜಿ ಗಂಡನ ದೇಹದ ಜೊತೆಗೆ ಹನ್ನೊಂದು ಸೇಬಿನ ಚೀಲವನ್ನೂ ಮನೆಗೆ ತಂದರು, ಅದನ್ನು ಆಡುಗಳ ಮುಂದೆ ಸುರಿದರು. "ಅಪ್ಪ ಉಸಿರು ಬಿಡುವಾಗ ನಾನು ಅಲ್ಲಿ ಸೇಬು ಹೆಚ್ಚುತ್ತಾ ನಿಂತಿದ್ದೆ" ಎಂದರು ಅಕ್ಕ. ತಾಯಿ ಮಗಳು ಈ ಮಾತನ್ನು ಒಮ್ಮೆಯೂ ಎದುರುಬದುರು ಆಡಿರಲಿಲ್ಲ.

ಓವನ್ ಇಲ್ಲದ ಅಡುಗೆಮನೆ

ಮರುದಿನ ಸಕಲ ಸಂತರ ಹಬ್ಬ. ಜಪಸರ ಮುಗಿಸಿ ಎದ್ದ ಹುಡುಗ, "ಅಮ್ಮ, ಕೇಕ್ ಮಾಡ್ತೀನಿ ಅಂದಿದ್ಯಲ್ಲ" ಎಂದು ಮೊದಲ ಬಾರಿಗೆ ತಾನಾಗಿ ತಾಯಿಯ ಕೈ ಹಿಡಿದ. ಅಕ್ಕ ಅಜ್ಜಿಯ ಮುಖ ನೋಡಿದರು. ಅಜ್ಜಿ ಬೇಡವೆನ್ನಲಿಲ್ಲ.

ಓವನ್ ಇಲ್ಲ. ಮೂಲೆಯಲ್ಲಿ ಏಳು ಗುಳಿಯ ಬೀಡಿನ ಪಡ್ಡಿನ ಹಂಚು ಇತ್ತು. ಓದುಗರಿಗೆ ಒಂದು ಸ್ವಾರಸ್ಯದ ಸಂಗತಿ ಹೇಳಬೇಕು. ದೂರದ ಡೆನ್ಮಾರ್ಕಿನಲ್ಲಿಯೂ ಇಂಥದೇ ಗುಳಿಯ ಹಂಚಿದೆ. ಅಲ್ಲಿನವರು ಕ್ರಿಸ್ತಜಯಂತಿಗೆ ಮುಂಚಿನ ಆಗಮನ ಕಾಲದಲ್ಲಿ ಅದರಲ್ಲಿ ದುಂಡನೆಯ ಸಿಹಿ ಪಡ್ಡು ಮಾಡುತ್ತಾರೆ. ಅದರ ಹೆಸರಿಗೆ 'ಸೇಬಿನ ಹೋಳು' ಎಂದೇ ಅರ್ಥ; ಹಿಂದೆ ಒಳಗೆ ಸೇಬಿನ ತುಂಡು ಇಡುತ್ತಿದ್ದರು.

ಅಕ್ಕ ಮಾಡಿದ ರೀತಿ ಹೀಗೆ. ಎರಡು ಸೇಬಿನ ಸಿಪ್ಪೆ ತೆಗೆದು ಸಣ್ಣಗೆ ಹೆಚ್ಚಿ, ಒಂದು ಚಮಚ ತುಪ್ಪದಲ್ಲಿ ನೀರು ಆರುವವರೆಗೆ ಬಾಡಿಸಬೇಕು. ಅರ್ಧ ಲೋಟ ಬೆಲ್ಲದ ಪುಡಿಯನ್ನು ಸ್ವಲ್ಪವೇ ನೀರಿನಲ್ಲಿ ಕರಗಿಸಿ ಸೋಸಿ ಆರಲು ಬಿಡಬೇಕು. ಒಂದು ಲೋಟ ಗೋಧಿ ಹಿಟ್ಟಿಗೆ ಒಂದು ಚಮಚ ಚಕ್ಕೆಪುಡಿ, ಚಿಟಿಕೆ ಉಪ್ಪು, ಕಾಲು ಚಮಚ ಅಡುಗೆ ಸೋಡಾ ಸೇರಿಸಿ, ಅರ್ಧ ಲೋಟ ಮೊಸರು, ಬೆಲ್ಲದ ನೀರು, ಸೇಬು ಹಾಕಿ ಇಡ್ಲಿ ಹಿಟ್ಟಿನ ಹದಕ್ಕೆ ಕಲಸಬೇಕು. ಮೊಸರಿನ ಹುಳಿ ಸೋಡಾಕ್ಕೆ ತಾಗಿದ ಕೂಡಲೇ ಗಾಳಿಗುಳ್ಳೆ ಏಳುತ್ತದೆ. ಆದ್ದರಿಂದ ಕಲಸಿದ ಮೇಲೆ ಕಾಯಬಾರದು. ಗುಳಿಗೆ ತುಪ್ಪ ಸವರಿ ಮುಕ್ಕಾಲು ಭಾಗ ಹಿಟ್ಟು ಹಾಕಿ, ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿ ಬೇಯಿಸಿ, ಮಗುಚಿ ಮತ್ತೆರಡು ನಿಮಿಷ ಬಿಡಬೇಕು. ಸುಮಾರು ಇಪ್ಪತ್ತು ಪಡ್ಡು ಆಗುತ್ತವೆ.

ಮೊದಲ ಏಳು ಸೀದುಹೋದವು. ಅಕ್ಕನ ಕೈ ಬೇಕರಿಯ ಓವನ್ನಿಗೆ ಹೊಂದಿಕೊಂಡಿತ್ತು, ಒಲೆಯ ಉರಿ ಮರೆತಿತ್ತು. ಬಾಗಿಲಲ್ಲಿ ನಿಂತಿದ್ದ ಅಜ್ಜಿಗೆ ತಡೆಯಲಾಗಲಿಲ್ಲ. "ಬೆಲ್ಲ ಹಾಕಿದ್ದು ಇಷ್ಟು ಉರಿ ತಡೀತದೇನು? ಸರಿ ಆಚೆ" ಎಂದು ಹಂಚಿನ ಮುಂದೆ ಕುಳಿತೇಬಿಟ್ಟರು. ಎರಡನೆಯ ಸುತ್ತು ಬಂಗಾರದ ಬಣ್ಣಕ್ಕೆ ಬಂದಿತು. ಚಕ್ಕೆಯ ಘಮ ಮನೆಯನ್ನು ತುಂಬಿತು.

ಅಜ್ಜಿ ಏಳರಲ್ಲಿ ಒಂದನ್ನು ತೆಗೆದು ಯೇಸುವಿನ ಪಟದ ಕೆಳಗಿದ್ದ ಗಂಡನ ಫೋಟೋ ಮುಂದೆ ಇಟ್ಟರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವತ್ತು ಹೋಳು ಕೊಟ್ರೆ, ಮಗಳು ಬರ್ಲಿ, ಆಕಿ ಜೋಡಿ ತಿಂತೀನಿ ಅಂದಿದ್ರು" ಎಂದರು. ಅಕ್ಕ ಒಲೆಯ ಮುಂದೆಯೇ ಕುಸಿದು ಅತ್ತರು. ಅಜ್ಜಿ ಮಗಳ ತಲೆಯನ್ನು ಮಡಿಲಿಗೆ ಎಳೆದುಕೊಂಡರು. ಹುಡುಗ ಮಾತ್ರ ಎರಡು ಕೈಯಲ್ಲಿ ಎರಡು ಪಡ್ಡು ಹಿಡಿದು, ಯಾರಿಗೆ ಕೊಡುವುದೆಂದು ತಿಳಿಯದೆ ನಿಂತಿದ್ದ. ಕೊನೆಗೆ ಒಂದನ್ನು ತಾಯಿಯ ಬಾಯಿಗೆ, ಇನ್ನೊಂದನ್ನು ಅಜ್ಜಿಯ ಬಾಯಿಗೆ ಇಟ್ಟ.

ಸಮಾಧಿಯ ಬಳಿ

ನವೆಂಬರ್ 2, ಸಕಲ ಮೃತರ ಸ್ಮರಣೆಯ ದಿನ. ಕ್ಲೂನಿ ಮಠದ ಅಧಿಪತಿ ಸಂತ ಓಡಿಲೋ ಸುಮಾರು ಸಾವಿರ ವರ್ಷಗಳ ಹಿಂದೆ ತಮ್ಮ ಮಠಗಳಲ್ಲಿ ಆರಂಭಿಸಿದ ಆಚರಣೆ ಇಂದು ಇಡೀ ಧರ್ಮಸಭೆಯದಾಗಿದೆ. ಹಿಂದೆ ಇಂಗ್ಲೆಂಡಿನಲ್ಲಿ ಈ ದಿನಗಳಲ್ಲಿ ಮಸಾಲೆ ಹಾಕಿದ ಪುಟ್ಟ ಕೇಕು ಮಾಡಿ ಮಕ್ಕಳಿಗೂ ಬಡವರಿಗೂ ಹಂಚುತ್ತಿದ್ದರು. ಪಡೆದವರು ಆ ಮನೆಯ ಮೃತರಿಗಾಗಿ ಪ್ರಾರ್ಥಿಸುತ್ತಿದ್ದರು. 'ಆತ್ಮದ ಕೇಕು' ಎಂದೇ ಅದಕ್ಕೆ ಹೆಸರು. ಇದನ್ನು ನಾನು ಅಜ್ಜಿಗೆ ಹೇಳಿರಲಿಲ್ಲ. ಆದರೂ ಅವರು ಬೆಳಿಗ್ಗೆ ಬೇಗನೆ ಎದ್ದು ಇನ್ನಷ್ಟು ಪಡ್ಡು ಮಾಡಿ ಡಬ್ಬಿಗೆ ತುಂಬಿದ್ದರು. ಸಮಾಧಿಗೆ ಚೆಂಡುಹೂ ಇಟ್ಟು, ಮೇಣದಬತ್ತಿ ಹಚ್ಚಿ, ಪ್ರಾರ್ಥಿಸಿದ ಮೇಲೆ, ಅಲ್ಲಿ ಸೇರಿದ್ದ ಮಕ್ಕಳಿಗೆಲ್ಲ ಹಂಚಿದರು.

ಚಕ್ಕೆ ನಮ್ಮ ವಿಶ್ವಾಸಕ್ಕೆ ಹೊಸದಲ್ಲ. ವಿಮೋಚನಕಾಂಡದ ಮೂವತ್ತನೆಯ ಅಧ್ಯಾಯದಲ್ಲಿ ದೇವರು ಮೋಶೆಗೆ ಹೇಳಿದ ಅಭಿಷೇಕ ತೈಲದಲ್ಲಿ ಅದೂ ಸೇರಿದೆ. ಸೇಬಿನ ಕಥೆಯಲ್ಲೂ ಸೇವೆಯ ಎಳೆಯಿದೆ. 1904ರಲ್ಲಿ ಅಮೆರಿಕದಿಂದ ಕುಷ್ಠರೋಗಿಗಳ ಸೇವೆಗೆ ಬಂದ ಸ್ಯಾಮ್ಯುಯೆಲ್ ಸ್ಟೋಕ್ಸ್, ಅಸ್ಸಿಸಿಯ ಸಂತ ಫ್ರಾನ್ಸಿಸರ ಬದುಕಿಗೆ ಮನಸೋತವರು. ಮುಂದೆ ಹಿಂದೂ ಧರ್ಮಕ್ಕೆ ಸೇರಿ ಸತ್ಯಾನಂದರಾದರು. ಹಿಮಾಚಲದ ಕೋಟಗಢದಲ್ಲಿ ಬಡ ರೈತರ ಬದುಕು ಹಸನಾಗಲೆಂದು ಒಳ್ಳೆಯ ತಳಿಯ ಸೇಬಿನ ಸಸಿಗಳನ್ನು ನೆಟ್ಟು ಹಂಚಿದವರು ಅವರೇ. ರೋಗಿಯ ಮಂಚದ ಪಕ್ಕದ ಹಣ್ಣು ಎಷ್ಟೋ ಮನೆಗಳ ಅನ್ನವೂ ಹೌದು.

ನಾವು ಹೊರಟಾಗ ಹುಡುಗ ಬಸ್ಸಿನವರೆಗೆ ತಾಯಿಯ ಬೆರಳು ಬಿಡಲಿಲ್ಲ. ಕ್ರಿಸ್ತಜಯಂತಿಗೆ ಬರುತ್ತೇನೆಂದು ಅಕ್ಕ ಮಾತು ಕೊಟ್ಟರು. ಬಸ್ಸು ಹೊರಡುವಾಗ ಅಜ್ಜಿ ಕಿಟಕಿಯ ಹತ್ತಿರ ಬಂದು ಹೇಳಿದರು:

"ಬರುವಾಗ ಸೇಬು ತಗೊಂಡು ಬಾರವ್ವ. ಯಾರಿಗೂ ಏನಾಗಿಲ್ಲ. ಎಲ್ಲಾರೂ ಕೂಡಿ ತಿನ್ನಾಕ."